ಕಡತದೊಳಗೆ ಕಾಣದ ಚೋಮ

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಸರ್ಕಾರಿ ಸೇವೆಗೆ ಸೇರಿದ ನನಗೆ ಅಂಕಿಅಂಶಗಳ ಮೇಲೆ ಅಪಾರ ವಿಶ್ವಾಸವಿತ್ತು. ಕಥೆ, ಕಾದಂಬರಿಗಳೇನಿದ್ದರೂ ಬಿಡುವಿನ ವೇಳೆಗೆ ಎಂಬುದು ನನ್ನ ಭಾವನೆ. ತೊಂಬತ್ತರ ದಶಕದಲ್ಲಿ ತಹಶೀಲ್ದಾರನಾಗಿದ್ದಾಗ ಬಗರ್‌ಹುಕುಂ ಸಾಗುವಳಿಯ ಸಕ್ರಮ ಕೋರಿದ ಅರ್ಜಿಗಳ ರಾಶಿ ನನ್ನ ಮೇಜಿನ ಮೇಲಿತ್ತು. ಸಾಕಷ್ಟು ದಾಖಲೆ ಇಲ್ಲವೆಂದು ಒಂದೇ ಮಧ್ಯಾಹ್ನ ಹಲವು ಅರ್ಜಿಗಳ ತಿರಸ್ಕಾರಕ್ಕೆ ಶಿಫಾರಸು ಬರೆದೆ. ಅಂದಿನ ನಿದ್ದೆಗೇನೂ ಭಂಗ ಬರಲಿಲ್ಲ.

ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಕೆಲವು ತಿಂಗಳ ನಂತರ ಮತ್ತೆ ಕೈಗೆತ್ತಿಕೊಂಡೆ. 1933ರ ಆ ಕಾದಂಬರಿಯ ಚೋಮನಿಗೆ ಇರುವುದು ಒಂದೇ ಆಸೆ: ತನ್ನದೆಂಬ ತುಂಡು ನೆಲವನ್ನು ಉಳಬೇಕು. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಹುಟ್ಟಿದ ಜಾತಿಯ ಕಾರಣಕ್ಕೆ ಬೇಸಾಯದ ಹಕ್ಕು ಮಾತ್ರ ಇಲ್ಲ.

ಕಾರಂತರು ಅವನನ್ನು ಸಂತನನ್ನಾಗಿ ಚಿತ್ರಿಸಿಲ್ಲ. ಅವನು ಕುಡಿಯುತ್ತಾನೆ, ಸಿಡುಕುತ್ತಾನೆ, ಹಟ ಹಿಡಿಯುತ್ತಾನೆ. ದುಃಖ ಮಾತಿಗೆ ನಿಲುಕದಾಗ ದುಡಿ ಬಾರಿಸುತ್ತಾನೆ. ಲೇಖಕರು ನಮ್ಮ ಮರುಕವನ್ನು ಬೇಡುವುದೂ ಇಲ್ಲ. ಅವನ ಆಸೆ ಎಷ್ಟು ಸಣ್ಣದು, ಅದಕ್ಕೆ ಅಡ್ಡ ನಿಂತದ್ದು ಎಷ್ಟು ದೊಡ್ಡದು ಎಂಬುದನ್ನು ತೋರಿಸಿ ಸುಮ್ಮನಾಗುತ್ತಾರೆ. ಅವನ ಮಗ ನೀರಿನಲ್ಲಿ ಮುಳುಗುವಾಗ ಮೈಲಿಗೆಗೆ ಅಂಜಿ ಯಾರೂ ಕೈ ನೀಡುವುದಿಲ್ಲ. ಆ ಹೊತ್ತಿಗೆ ಚೋಮ ನಮ್ಮವನಾಗಿಬಿಟ್ಟಿರುವುದರಿಂದ, ಅಸ್ಪೃಶ್ಯತೆ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ದಡದಲ್ಲಿ ನಾವೂ ನಿಂತಿದ್ದೇವೆ ಅನಿಸುತ್ತದೆ. ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದಾಗ ಎಂ.ವಿ. ವಾಸುದೇವರಾವ್ ಅವರ ಚೋಮನೂ ಇದೇ ಕಾರಣಕ್ಕೆ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದ.

ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ ಇದನ್ನು 1759ರಲ್ಲೇ ಗುರುತಿಸಿದ್ದ. ದೂರದ ಚೀನಾ ಭೂಕಂಪದಲ್ಲಿ ನಾಶವಾದರೂ ಯೂರೋಪಿನ ಸಜ್ಜನನೊಬ್ಬ ನೆಮ್ಮದಿಯಾಗಿ ಮಲಗಬಲ್ಲ, ನಾಳೆ ತನ್ನ ಕಿರುಬೆರಳು ಹೋಗುತ್ತದೆಂದು ತಿಳಿದರೆ ಮಾತ್ರ ಅವನಿಗೆ ನಿದ್ದೆ ಬಾರದು ಎಂದು ಆತ ಬರೆದ. ಕಾಣದವರ ಸಂಕಟ ನಮಗೆ ಬರಿಯ ಸುದ್ದಿ. ಆ ದೂರವನ್ನು ಕಿರಿದಾಗಿಸುವುದೇ ಒಳ್ಳೆಯ ಕಥೆಯ ಕೆಲಸ.

ಆದರೆ ಮರುಕಕ್ಕೂ ಮಿತಿಯುಂಟು. ಕಣ್ಣೀರನ್ನು ನಂಬಿ ಆಡಳಿತ ನಡೆಸಲಾಗದು. ಮನ ಕರಗಿಸಬಲ್ಲವನಿಗೆ ಭೂಮಿ, ಮಾತು ಬಾರದವನಿಗೆ ಹಿಂಬರಹ ಎಂದಾದರೆ ಅದೂ ಅನ್ಯಾಯವೇ. ಕಥೆ ತೀರ್ಪು ನೀಡಬಾರದು. ತೀರ್ಪಿಗೆ ಮುನ್ನ ಕೇಳಬೇಕಾದ ಪ್ರಶ್ನೆಯನ್ನು ನೆನಪಿಸಬೇಕು. ಆ ಓದಿನ ಬಳಿಕ ಸ್ಥಳ ತನಿಖೆಯಿಲ್ಲದೆ, ಅರ್ಜಿದಾರನನ್ನು ಕರೆಸಿ ಕೇಳದೆ ನಾನು ಶಿಫಾರಸು ಬರೆಯಲಿಲ್ಲ. ಕೆಲವರು ನಿಜಕ್ಕೂ ಉಳುತ್ತಿದ್ದರು, ಕೆಲವರು ಉಳುತ್ತಿರಲಿಲ್ಲ. ನಿಯಮ ಅದೇ ಇತ್ತು; ನೋಡುವ ಕಣ್ಣು ಬದಲಾಗಿತ್ತು.

ನಿವೃತ್ತನಾದ ಮೇಲೆ ಹಳೆಯ ದಿನಗಳು ಮರುಕಳಿಸುತ್ತವೆ. ಎಂದೂ ಬದುಕಿರದ ಚೋಮನ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆ ಮಧ್ಯಾಹ್ನ ನಾನು ತಿರಸ್ಕರಿಸಿದವರಲ್ಲಿ ಒಬ್ಬರ ಹೆಸರೂ ನೆನಪಿಲ್ಲ.