ಮಹಾವೀರಾಚಾರ್ಯರ ಕಂಠಾಭರಣದಲ್ಲಿ ಅಡಗಿರುವ ಒಂದು ಅವಿಭಾಜ್ಯ ಸಂಖ್ಯೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವು ಸಾಹಿತ್ಯದಲ್ಲಿ ‘ಕವಿರಾಜಮಾರ್ಗ’ದಿಂದ ಹೇಗೋ ಗಣಿತದಲ್ಲಿ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಿಂದ ಹಾಗೆಯೇ ಪ್ರಸಿದ್ಧವಾಗಿದೆ. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಗೊಳಿಸಿದರು. ಇದರ ‘ಪ್ರತ್ಯುತ್ಪನ್ನ’ವೆಂಬ ಗುಣಾಕಾರ ಪ್ರಕರಣದಲ್ಲಿ ಗುಣಲಬ್ಧವು ಹಾರದಂತೆ ತೋರುವ ಕೆಲವು ಲೆಕ್ಕಗಳಿವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಈ ಸಂಖ್ಯೆಗಳು ಚಿತ್ರಕಾವ್ಯದ ಗತಪ್ರತ್ಯಾಗತವನ್ನು ಸ್ಮರಣೆಗೆ ತರುವುವು. ಇವು ಬರಿಯ ಚಮತ್ಕಾರವೋ ಅಥವಾ ಇವುಗಳ ಹಿಂದೆ ನಿಯಮವೊಂದಿರುವುದೋ ಎಂಬುದು ವಿಚಾರಾರ್ಹವಾಗಿದೆ.

ಎರಡು ಉದಾಹರಣೆಗಳನ್ನು ತೆಗೆದುಕೊಳ್ಳಬಹುದು:

12345679 × 9 = 111111111
333333666667 × 33 = 11000011000011

ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವು ಕಾಣದು. ಗುಣ್ಯಗಳನ್ನು ಅಪವರ್ತನಗಳಾಗಿ ಒಡೆದರೆ ಸಂಬಂಧವು ಪ್ರಕಟವಾಗುವುದು:

12345679 = 37 × 333667
333333666667 = 19 × 52579 × 333667

333667 ಎಂಬುದು ಎರಡರಲ್ಲಿಯೂ ಇದೆ. ಇದನ್ನು 3ರಿಂದ ಗುಣಿಸಿದರೆ 1001001 ಎಂಬ ಸಣ್ಣ ಹಾರವು ದೊರೆಯುವುದು. ಈ ಸಣ್ಣ ಹಾರವನ್ನು 111ರಿಂದ ಗುಣಿಸಿದರೆ ಮೊದಲನೆಯ ಕಂಠಾಭರಣವೂ, 999001ರಿಂದಲೂ ಬಳಿಕ 11ರಿಂದಲೂ ಗುಣಿಸಿದರೆ ಎರಡನೆಯದೂ ಸಿದ್ಧಿಸುವುವು. ಆದುದರಿಂದ ಎರಡು ಹಾರಗಳಿಗೂ ನಾಯಕಮಣಿಯು ಒಂದೇ.

ಈ ಮಣಿಯು ಅವಿಭಾಜ್ಯವಾದುದು. ಎಂದರೆ 1 ಮತ್ತು ತಾನು ಹೊರತು ಬೇರೆ ಭಾಜಕವಿಲ್ಲದುದು. 1ನ್ನು ಇದರಿಂದ ಭಾಗಿಸಿದರೆ 0.000002997000002997… ಎಂದು ಒಂಬತ್ತು ಅಂಕಿಗಳು ಮರಳಿ ಮರಳಿ ಬರುವುವು. ಒಂಬತ್ತು ಅಂಕಿಗಳ ಆವರ್ತವುಳ್ಳ ಅವಿಭಾಜ್ಯ ಸಂಖ್ಯೆಯು ಇದೊಂದೇ. ಏಕೆಂದರೆ ಅಂತಹ ಸಂಖ್ಯೆಯು 999999999ನ್ನು ನಿಶ್ಶೇಷವಾಗಿ ಭಾಗಿಸಬೇಕು. ಆ ಸಂಖ್ಯೆಯ ಅವಿಭಾಜ್ಯ ಭಾಜಕಗಳು 3, 37, 333667 ಎಂಬ ಮೂರೇ. ಅವುಗಳಲ್ಲಿ 3ರ ಆವರ್ತವು ಒಂದು ಅಂಕಿಯದು, 37ರದು ಮೂರು ಅಂಕಿಗಳದು.

ಅವಿಭಾಜ್ಯತೆಯ ಪರೀಕ್ಷೆಗೂ ಈ ಆವರ್ತವೇ ಸಹಾಯಕ. ಸಾಮಾನ್ಯ ಕ್ರಮದಲ್ಲಿ ವರ್ಗಮೂಲದವರೆಗಿನ, ಎಂದರೆ 577ರವರೆಗಿನ, 106 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕಾಗುವುದು. ಆದರೆ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನು 1640ರಲ್ಲಿ ತಿಳಿಸಿದ ನಿಯಮವನ್ನು ಅನ್ವಯಿಸಿದರೆ, 3 ಮತ್ತು 18ರಿಂದ ಭಾಗಿಸಿದಾಗ 1 ಶೇಷವುಳಿಯುವ 17 ಅವಿಭಾಜ್ಯಗಳು ಮಾತ್ರ ಪರೀಕ್ಷೆಗೆ ಉಳಿಯುವುವು. ಅವುಗಳಲ್ಲಿ ಯಾವುದೂ ಇದನ್ನು ಭಾಗಿಸದು.

2024ರಲ್ಲಿ ಯಂತ್ರಗಣನೆಯಿಂದ ನಾಲ್ಕು ಕೋಟಿಗೂ ಮಿಕ್ಕಿದ ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಯೊಂದು ದೊರೆತಿದೆ. ಅದರ ಮುಂದೆ ಆರು ಅಂಕಿಗಳ 333667 ಅತ್ಯಲ್ಪವೇ ಸರಿ. ಆದರೂ ಸಂಖ್ಯೆಯ ರೂಪದಿಂದಲೇ ಪರೀಕ್ಷೆಯ ಶ್ರಮವನ್ನು ತಗ್ಗಿಸುವ ಮಾರ್ಗವು ಎರಡೆಡೆಯಲ್ಲಿಯೂ ಸಮಾನವಾದುದು.

ಇಲ್ಲೊಂದು ಎಚ್ಚರಿಕೆಯು ಅವಶ್ಯಕ. ಈ ಲೆಕ್ಕಗಳಲ್ಲಿ ಆಚಾರ್ಯರು ಗುಣ್ಯಗುಣಕಗಳನ್ನು ಹೇಳಿರುವರೇ ಹೊರತು 333667ನ್ನು ಹೆಸರಿಸಿಲ್ಲ. ಮೇಲಿನ ವಿಭಜನೆಯು ವ್ಯಾಖ್ಯಾನವೇ ವಿನಾ ಮೂಲವಲ್ಲ. ಮೂಲದಲ್ಲಿಲ್ಲದುದನ್ನು ಗ್ರಂಥಕರ್ತರಿಗೆ ಆರೋಪಿಸುವುದರಿಂದ ಅವರ ಕೀರ್ತಿಯು ಹೆಚ್ಚದು. ಸಾವಿರ ವರ್ಷಗಳಿಗೂ ಹಿಂದೆ ಶಿಷ್ಯರ ವಿನೋದಕ್ಕಾಗಿ ಕೋದ ಹಾರದ ಎಳೆಯು ಇಂದಿನ ಶಾಸ್ತ್ರದ ಪರೀಕ್ಷೆಯಲ್ಲಿಯೂ ಹರಿಯದೆ ಉಳಿದಿರುವುದೇ ಅವರ ಆಯ್ಕೆಗೆ ಸಾಕಾದ ಪ್ರಶಂಸೆ.