ಗೊರಕೆ ನಿಂತಾಗ ಕಿವಿಗೊಡಿ

"ನಮ್ಮನೆಯವರದ್ದು ಕುಂಭಕರ್ಣನ ನಿದ್ದೆ. ಗೊರಕೆ ಪಕ್ಕದ ಮನೆಗೂ ಕೇಳ್ಸುತ್ತೆ!" ಹೀಗೆ ನಗುತ್ತಾ ಹೇಳುವುದುಂಟು. ಗೊರಕೆ ಹೊಡೆದರೆ ಒಳ್ಳೆ ನಿದ್ದೆ ಬಂದಿದೆ ಎಂದು ತಿಳಿಯುತ್ತೇವೆ. ಈ ತಿಳುವಳಿಕೆ ಸರಿಯಲ್ಲ.

ಎಲ್ಲ ಗೊರಕೆಯೂ ಕಾಯಿಲೆಯಲ್ಲ. ಆದರೆ ಜೋರು ಗೊರಕೆ ನಡುನಡುವೆ ನಿಲ್ಲುತ್ತದೆಯೇ? ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲವೇ? ಆಮೇಲೆ ಗಕ್ಕನೆ ಉಸಿರು ಎಳೆದುಕೊಂಡು ಮತ್ತೆ ಗೊರಕೆ ಶುರುವಾಗುತ್ತದೆಯೇ? ಹಾಗಿದ್ದರೆ ಎಚ್ಚರ ಬೇಕು. ಸದ್ದು ನಿಂತಾಗ ಉಸಿರೇ ನಿಂತಿರಬಹುದು. ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಡಾಕ್ಟರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ.

ಉಸಿರು ಏಕೆ ಕಟ್ಟುತ್ತದೆ?

ಹೊಲಕ್ಕೆ ನೀರು ಬಿಡುವ ರಬ್ಬರ್ ಪೈಪು ನೋಡಿದ್ದೀರಿ. ಪೈಪು ಮಡಿಚಿಕೊಂಡರೆ ನೀರು ನಿಲ್ಲುತ್ತದೆ. ನಮ್ಮ ಗಂಟಲೂ ಹಾಗೆಯೇ. ನಿದ್ದೆ ಬಂದಾಗ ಗಂಟಲಿನ ಮಾಂಸ ಸಡಿಲವಾಗುತ್ತದೆ. ನಾಲಿಗೆ ಹಿಂದಕ್ಕೆ ಜಾರುತ್ತದೆ. ಕೆಲವರಲ್ಲಿ ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಆಗ 10 ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಉಸಿರು ಬರುತ್ತದೆ, ಮತ್ತೆ ನಿದ್ದೆ. ಕಾಯಿಲೆ ಜಾಸ್ತಿ ಇದ್ದವರಿಗೆ ಗಂಟೆಗೆ 30 ಸಲಕ್ಕಿಂತ ಹೆಚ್ಚು ಹೀಗಾಗುತ್ತದೆ. ಬೆಳಿಗ್ಗೆ ಅವರಿಗೆ ಇದೊಂದೂ ನೆನಪಿರುವುದಿಲ್ಲ.

ನಾವು ಗಮನಿಸದ ಗುರುತುಗಳು

* ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು. "ವಯಸ್ಸಾಯ್ತು, ಅದಕ್ಕೇ" ಅಂತೀವಿ. ಸಕ್ಕರೆ ಕಾಯಿಲೆ ಇರಬಹುದು, ಈ ಕಾಯಿಲೆಯೂ ಇರಬಹುದು. ಉಸಿರು ಕಟ್ಟಿದಾಗ ಹೃದಯದ ಮೇಲೆ ಒತ್ತಡ ಬಿದ್ದು ಮೂತ್ರ ಹೆಚ್ಚಾಗುತ್ತದೆ.

* ಬೆಳಿಗ್ಗೆ ಏಳುವಾಗಲೇ ತಲೆನೋವು. ಬಾಯಿ, ಗಂಟಲು ಒಣಗಿರುವುದು.

* ರಾತ್ರಿಯೆಲ್ಲಾ ಮಲಗಿದರೂ ಹಗಲು ತೂಕಡಿಕೆ. "ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ" ಎಂಬ ಗಾದೆ ಇದೆ. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ, ಸಭೆಯಲ್ಲಿ ಕೂತಲ್ಲೇ ನಿದ್ದೆ ಬಂದರೆ ಅದು ಕಾಯಿಲೆಯೂ ಆಗಿರಬಹುದು.

* ಮರೆವು. ಸುಮ್ಮಸುಮ್ಮನೆ ಸಿಟ್ಟು. ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು.

* ಎರಡು ಮೂರು ಬಗೆ ಮಾತ್ರೆ ತಗೊಂಡರೂ ಬಿ.ಪಿ. ಇಳಿಯದಿರುವುದು.

ದಪ್ಪಗಿರುವವರಿಗೆ ಮಾತ್ರ ಈ ಕಾಯಿಲೆ ಬರುತ್ತದೆಯೇ? ಇಲ್ಲ. ದಪ್ಪ ಕುತ್ತಿಗೆಯವರಿಗೆ ಭಯ ಹೆಚ್ಚು, ನಿಜ. ಆದರೆ ದವಡೆ ಚಿಕ್ಕದಿರುವ ತೆಳ್ಳನೆಯವರಿಗೂ ಬರಬಹುದು.

ಹೆಂಗಸರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ಅವರಲ್ಲಿ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬಾರದಿರುವುದು, ಬೇಸರ ಎದ್ದು ಕಾಣಬಹುದು. ಮನೆಯವರು "ಸೋಮಾರಿ" ಎಂದು ಬೈಯುತ್ತಾರೆ. ಗೊರಕೆ ಇದ್ದರೂ ನಾಚಿಕೆಯಿಂದ ಆಕೆ ಹೇಳುವುದಿಲ್ಲ. ಕಾಯಿಲೆ ಹಾಗೇ ಉಳಿಯುತ್ತದೆ.

ಬಿಟ್ಟರೆ ಏನಾಗುತ್ತದೆ?

ಬಿ.ಪಿ. ಏರುತ್ತದೆ. ಹೃದಯದ ಕಾಯಿಲೆ, ಲಕ್ವ ಬರುವ ಭಯ ಹೆಚ್ಚುತ್ತದೆ. ಲಾರಿ, ಟ್ರ್ಯಾಕ್ಟರ್, ಬೈಕ್ ಓಡಿಸುವವರು ಒಂದು ಕ್ಷಣ ಕಣ್ಣು ಮುಚ್ಚಿದರೂ ಸಾಕು, ಅವರ ಜೀವದ ಜೊತೆ ಬೇರೆಯವರ ಜೀವವೂ ಹೋಗಬಹುದು. ತೂಕಡಿಕೆ ಬಂದರೆ ಗಾಡಿ ನಿಲ್ಲಿಸಿಬಿಡಿ.

ಏನು ಮಾಡಬೇಕು?

ಮಲಗಿದವರಿಗೆ ತಮ್ಮ ಕಾಯಿಲೆ ಗೊತ್ತಾಗುವುದಿಲ್ಲ. "ನಾನೆಲ್ಲಿ ಗೊರಕೆ ಹೊಡೀತೀನಿ?" ಎಂದು ಕೇಳುತ್ತಾರೆ. ಆದ್ದರಿಂದ ಪಕ್ಕದಲ್ಲಿ ಇರುವವರೇ ನೋಡಬೇಕು. ಗೊರಕೆ ನಿಂತಾಗ ಒಂದು, ಎರಡು, ಮೂರು ಎಂದು ಎಣಿಸಿ. ಎಷ್ಟು ಸಲ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಪುಸ್ತಕದಲ್ಲಿ ಬರೆಯಿರಿ. ಮೂತ್ರಕ್ಕೆ ಎಷ್ಟು ಸಲ ಎದ್ದರು, ಅದನ್ನೂ ಬರೆಯಿರಿ. ಎರಡು ಮೂರು ರಾತ್ರಿ ಹೀಗೆ ಮಾಡಿ. ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. "ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ" ಎಂದು ಬಾಯಿಬಿಟ್ಟು ಹೇಳಿ.

ಡಾಕ್ಟರು ಬೇಕಾದರೆ ನಿದ್ದೆಯ ಪರೀಕ್ಷೆಗೆ ಕಳಿಸುತ್ತಾರೆ. ಮೈಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸುತ್ತಾರೆ. ನೋವಿಲ್ಲ. ಕಾಯಿಲೆ ಹೆಚ್ಚಿದ್ದರೆ ಮೂಗಿಗೆ ಮುಖವಾಡ ಹಾಕಿ ಗಾಳಿ ಊದುವ ಯಂತ್ರ ಕೊಡುತ್ತಾರೆ. ಆ ಗಾಳಿ ಗಂಟಲಿನ ದಾರಿ ಮುಚ್ಚದಂತೆ ತಡೆಯುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಈ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು.

ಮನೆಯಲ್ಲೂ ಮಾಡುವುದಿದೆ. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ. ತೂಕ ಹೆಚ್ಚಿದ್ದರೆ ಇಳಿಸಿ. ಹೆಂಡ, ಸಾರಾಯಿ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ, ಬಿಡಿ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ನುಂಗಬೇಡಿ.

ಓದಿದಿರಿ, ಈಗ ಮಾತಾಡಿ

1. ನಿಮ್ಮ ಮನೆಯಲ್ಲಿ ಯಾರಿಗೆ ಜೋರು ಗೊರಕೆ ಇದೆ? ಅದು ನಡುವೆ ನಿಲ್ಲುತ್ತದೆಯೇ?
2. ಸದಾ ಸುಸ್ತು ಎನ್ನುವ ಹೆಂಗಸರನ್ನು ನಿಮ್ಮೂರಲ್ಲಿ ಡಾಕ್ಟರಿಗೆ ತೋರಿಸುತ್ತಾರೆಯೇ, ಬೈದು ಸುಮ್ಮನಾಗುತ್ತಾರೆಯೇ?