ಪಂಚಾಂಗ ನೋಡಿ ಕರಗದ ಹಿಮ

ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಹೊಸದಾಗಿ ಹೋದವರು ಒಂದು ಕ್ಷಣ ಬೆರಗಾಗಿ ನಿಲ್ಲುತ್ತಾರೆ. ಮುಸುಕಿನ ಜೋಳದ ಹೊಲಗಳಾಚೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಹಾರಾಡುತ್ತಿರುತ್ತವೆ. 1974ರಲ್ಲಿ ಇಲ್ಲಿ ನೆಲೆಗೊಂಡ ಟಿಬೆಟಿಯನ್ನರ ವಸತಿಯಿದು. ಧೊಂಡೆನ್‌ಲಿಂಗ್ ಎಂದು ಅದರ ಹೆಸರು. 1959ರ ಮಾರ್ಚ್ 17ರ ರಾತ್ರಿ ಲಾಸಾ ನಗರವನ್ನು ತೊರೆದ ದಲಾಯಿ ಲಾಮಾ ಅವರು ಆ ತಿಂಗಳ ಕೊನೆಯ ದಿನ ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಸಾವಿರಾರು ಮಂದಿ ಹಿಮದ ಕಣಿವೆಗಳನ್ನು ಹಾದು ಬಂದರು. ಯಾವ ಹಿಮ ಕಾಲಿಗೆ ಗಟ್ಟಿ, ಯಾವುದು ಟೊಳ್ಳು ಎಂಬ ಅರಿವಿನ ಮೇಲೆ ಅವರ ಪ್ರಾಣ ನಿಂತಿತ್ತು.

ಅವರ ಮೊಮ್ಮಕ್ಕಳಾದರೋ ಬೆಟ್ಟದ ಬಿಸಿಲಿನಲ್ಲಿ ಹುಟ್ಟಿ ಬೆಳೆದವರು. ಕೊಳ್ಳೇಗಾಲ, ಯಳಂದೂರುಗಳ ಮಕ್ಕಳಂತೆ ಅವರಿಗೂ ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಬೇಸಿಗೆಯ ಮಳೆಯೊಡನೆ ಸಿಡಿಯುವ ಆಲಿಕಲ್ಲು ಮಾತ್ರ. ಹಿಮವನ್ನು ಇಂದಿನ ಮಕ್ಕಳು ಕಾಣುವುದು ಕಂಪ್ಯೂಟರ್ ಆಟಗಳಲ್ಲಿ. ನಿರ್ಜನ ಪ್ರದೇಶದಲ್ಲಿ ಸಿಕ್ಕಿಬಿದ್ದವನು ಚಳಿ, ಹಸಿವುಗಳನ್ನು ಗೆದ್ದು ಬದುಕಿ ಉಳಿಯಬೇಕು. ಇದೇ ಅಂಥ ಆಟಗಳ ಕಥಾವಸ್ತು. ಕೆನಡಾದಲ್ಲಿ ತಯಾರಾಗಿ 2017ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ದಿ ಲಾಂಗ್ ಡಾರ್ಕ್’ನಲ್ಲಿ ಆಟಗಾರನು ಹಿಮವನ್ನು ಬೆಂಕಿಯಲ್ಲಿ ಕರಗಿಸಿ ಕುಡಿಯಬೇಕು, ತೆಳುವಾದ ಮಂಜುಗಡ್ಡೆಯ ಮೇಲೆ ಕಾಲಿಟ್ಟರೆ ಕೊರೆಯುವ ನೀರಿಗೆ ಬೀಳುತ್ತಾನೆ.

ಚಳಿಗಾಲ ಸ್ಥಿರವಾಗಿರುವಾಗ ತೊಡಕಿಲ್ಲ. ವಸಂತ ಬಂದಾಗಲೇ ಆಟವನ್ನು ರಚಿಸುವವರಿಗೆ ನಿಜವಾದ ಪರೀಕ್ಷೆ. ಗೊತ್ತಾದ ದಿನ ಬಂದೊಡನೆ ಹಲಗೆಯ ಮೇಲಿನ ಸೀಮೆಸುಣ್ಣದಂತೆ ಹಿಮವನ್ನೆಲ್ಲ ಒಮ್ಮೆಗೇ ಒರೆಸಿಬಿಡುವುದು ಸುಲಭ. ಆದರೆ ಹಿಮವೇನು ಪಂಚಾಂಗ ನೋಡಿ ಕರಗುವುದೆ?

ಕಾಣದ ಶಾಖ

ಅಂಗಳದಲ್ಲಿ ಬಿದ್ದ ಆಲಿಕಲ್ಲುಗಳನ್ನು ಬೋಗುಣಿಯಲ್ಲಿ ಕೂಡಿಟ್ಟ ಮಕ್ಕಳು ಒಂದು ಸಂಗತಿಯನ್ನು ಕಂಡಿರುತ್ತಾರೆ. ಕೈಯಾಡಿಸುತ್ತಿದ್ದರೆ, ಕಲ್ಲುಗಳೆಲ್ಲ ಕರಗುವವರೆಗೂ ಆ ನೀರು ಕೊರೆಯುತ್ತಲೇ ಇರುತ್ತದೆ. ಇದರ ಗುಟ್ಟನ್ನು 1761ರ ಸುಮಾರಿಗೆ ಗ್ಲಾಸ್ಗೋ ನಗರದ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ಬಯಲಿಗೆಳೆದ. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳಲ್ಲಿ ಒಂದರೊಳಗೆ ಮಂಜುಗಡ್ಡೆ, ಇನ್ನೊಂದರೊಳಗೆ ಅಷ್ಟೇ ತೂಕದ, ಹೆಚ್ಚುಕಡಿಮೆ ಅಷ್ಟೇ ತಣ್ಣಗಿನ ನೀರು ತುಂಬಿ ವಿಶಾಲವಾದ ಕೊಠಡಿಯೊಂದರಲ್ಲಿಟ್ಟ. ನೀರು 40 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲು ಅರ್ಧ ಗಂಟೆ ಸಾಕಾಯಿತು; ಮಂಜುಗಡ್ಡೆ ಕರಗಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು!

ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಿಂದ ಮಂಜಿನಷ್ಟು ತಣ್ಣಗಿನ ಒಂದು ಗ್ರಾಂ ನೀರನ್ನು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು. ಈ ದೊಡ್ಡ ಸಾಲ ತೀರುವವರೆಗೂ ಹಿಮ ನೆಲ ಬಿಟ್ಟು ಕದಲದು. ಆದಕಾರಣವೇ ಬಿಸಿಲು ಬಂದು ಎಷ್ಟೋ ದಿನಗಳಾದರೂ ಹಿಮ ಉಳಿದಿರುತ್ತದೆ.

ಚೌಕಕ್ಕೊಂದು ಖಾತೆ

ಹಾಗಾದರೆ ಆಟದಲ್ಲಿ ಇದನ್ನು ಹೇಗೆ ತರಬೇಕು? ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಸಾಹುಕಾರನ ಲೆಕ್ಕದ ಪುಸ್ತಕದಂತೆ ಖಾತೆ ತೆರೆಯಬೇಕು. 1887ರಲ್ಲಿಯೇ ಆಲ್ಪ್ಸ್ ಪರ್ವತದಲ್ಲಿ ಬಳಕೆಗೆ ಬಂದ ಒಂದು ಸರಳ ಸೂತ್ರ ಇಲ್ಲಿ ನೆರವಾಗುತ್ತದೆ. ದಿನದ ಸರಾಸರಿ ಉಷ್ಣತೆ ಸೊನ್ನೆಗಿಂತ ಎಷ್ಟು ಡಿಗ್ರಿ ಹೆಚ್ಚಿದೆಯೋ ಅದನ್ನು ಒಂದು ಅಂಕದಿಂದ ಗುಣಿಸಿದರೆ ಕರಗಿದ ನೀರಿನ ಲೆಕ್ಕ ದೊರೆಯುತ್ತದೆ. ಆ ಅಂಕ 4 ಮಿಲಿಮೀಟರ್, ಉಷ್ಣತೆ 5 ಡಿಗ್ರಿ ಎಂದಿಟ್ಟುಕೊಂಡರೆ ದಿನಕ್ಕೆ 20 ಮಿಲಿಮೀಟರ್ ನೀರು. ವಸಂತದ ಅರ್ಧ ಮೀಟರ್ ದಪ್ಪದ, ಒತ್ತಿಕೊಂಡ ಹಿಮದಲ್ಲಿ 200 ಮಿಲಿಮೀಟರ್ ನೀರಿದ್ದರೆ ಅದು ಬರಿದಾಗಲು ಹತ್ತು ದಿನ ಬೇಕು.

ಎಲ್ಲ ಚೌಕಗಳ ಭಾಗ್ಯವೂ ಒಂದೇ ಅಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹಳೆಯ, ತೇವದ, ಧೂಳು ಹಿಡಿದ ಹಿಮ ಹೆಚ್ಚು ಬಿಸಿಲನ್ನು ನುಂಗಿ ಬೇಗ ಕರಗುತ್ತದೆ. ಬಿಸಿಲಿಗೆ ಮುಖ ಮಾಡಿದ ಇಳಿಜಾರು ಮೊದಲು ಬರಿದಾದರೆ, ನೆರಳಿನ ಕೊರಕಲು ಕಟ್ಟಕಡೆಗೆ. ಮಳೆ ಬಿದ್ದರೆ ಹಿಮ ತಟಕ್ಕನೆ ಕರಗುವುದೆಂಬ ಎಣಿಕೆಯೂ ಪೂರ್ಣ ಸರಿಯಲ್ಲ. 10 ಡಿಗ್ರಿಯ ಒಂದು ಗ್ರಾಂ ಮಳೆನೀರು ಗ್ರಾಮಿನ ಎಂಟನೆಯ ಒಂದು ಪಾಲನ್ನಷ್ಟೇ ಕರಗಿಸೀತು. ತೇವಗಾಳಿಯ ಒಂದು ಗ್ರಾಂ ಆವಿ ಹಿಮದ ಮೇಲೆ ನೀರಾದರೆ ಸುಮಾರು 600 ಕ್ಯಾಲೊರಿ ಬಿಡುಗಡೆಯಾಗಿ ಏಳು ಗ್ರಾಮಿಗೂ ಹೆಚ್ಚು ಹಿಮ ಕರಗುತ್ತದೆ.

ಮುಂಜಾವಿನ ದಾರಿ

ಇದೆಲ್ಲ ಕೇವಲ ಚಿತ್ರದ ಅಂದಕ್ಕಾಗಿ ಎಂದು ತಿಳಿಯಬಾರದು. ನಿರ್ಮಲ ರಾತ್ರಿಯಲ್ಲಿ ಮೇಲ್ಪದರ ಮರಳಿ ಹೆಪ್ಪುಗಟ್ಟುತ್ತದೆ. ಮುಂಜಾನೆ ಆಳಿನ ಭಾರವನ್ನು ಹೊತ್ತ ಹಿಮ ಮಧ್ಯಾಹ್ನಕ್ಕೆ ಮೊಣಕಾಲುದ್ದ ಕುಸಿಯುತ್ತದೆ. ಮುಂಜಾವಿನಲ್ಲಿ ಸಲೀಸಾಗಿ ದಾಟಿದ ಹಳ್ಳ ಸಂಜೆಯ ವೇಳೆಗೆ ಭೋರ್ಗರೆಯುತ್ತದೆ. ಸರೋವರದ ಮೇಲೆ ಹೊಸದಾಗಿ ಕಟ್ಟಿದ ಸ್ವಚ್ಛವಾದ ಮಂಜುಗಡ್ಡೆ ಹತ್ತು ಸೆಂಟಿಮೀಟರ್ ದಪ್ಪವಿದ್ದರೆ ಸಾಮಾನ್ಯವಾಗಿ ಒಬ್ಬನನ್ನು ಹೊರಬಲ್ಲದು. ವಸಂತದಲ್ಲಿ ಕೊಳೆತ ಗಡ್ಡೆ ಅದಕ್ಕಿಂತ ದಪ್ಪವಿದ್ದರೂ ನಂಬಿಕೆಗೆ ಅರ್ಹವಲ್ಲ. ಈ ವ್ಯತ್ಯಾಸಗಳನ್ನು ತೋರದ ಆಟ ಆಟಗಾರನಿಗೆ ಸುಳ್ಳು ಧೈರ್ಯವನ್ನು ಕಲಿಸುತ್ತದೆ.

ಈ ಲೆಕ್ಕ ಆಟದ ಹೊರಗೂ ನಡೆಯುತ್ತದೆ. ಕಾವೇರಿಗಾಗಲಿ ಯಳಂದೂರಿನ ಸುವರ್ಣಾವತಿಗಾಗಲಿ ಹಿಮದ ಆಸರೆಯಿಲ್ಲ. ಮಳೆ ತಪ್ಪಿದರೆ ಕೆರೆ, ಅಣೆಕಟ್ಟುಗಳೇ ಗತಿ. ಹಿಮಾಲಯದ ನದಿಗಳಿಗಾದರೋ ಹಿಮವೇ ಬೆಟ್ಟದ ನೆತ್ತಿಯ ಕೆರೆ. ಆ ಕೆರೆ ಎಂದು ಎಷ್ಟು ತೂಬು ತೆರೆಯುವುದೆಂದು ತಿಳಿಯಲು ವಿಜ್ಞಾನಿಗಳು ಇಂದಿಗೂ ಇದೇ ಬಗೆಯ ಸೂತ್ರಗಳನ್ನು ಬಳಸುತ್ತಾರೆ. ನಾಡು ಬಿಸಿಯೇರಿದಂತೆ ಆ ಲೆಕ್ಕದ ಮೇಲೆ ಕೆಳಗಿನ ಕೋಟ್ಯಂತರ ಜನರ ಬೆಳೆ, ಬಾಳು ನಿಂತಿವೆ.

ಒಡೆಯರಪಾಳ್ಯದ ಹುಡುಗನೊಬ್ಬ ಅಂಥ ಆಟವೊಂದರಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಹಿಮದ ಕಣಿವೆಗೆ ಇಳಿದನೆನ್ನೋಣ. ಸರಿಯಾದ ಆಟವಾದರೆ ಅವನು ಹೆಜ್ಜೆಹೆಜ್ಜೆಗೂ ಕುಸಿದು, ರಾತ್ರಿಯವರೆಗೆ ಕಾಯುವುದನ್ನು ಕಲಿತಾನು. ಅವನ ಅಜ್ಜ ಅದನ್ನು ಕಲಿತದ್ದು ಬರಿಯ ಕಾಲುಗಳಿಂದ.